ಬೆಲುಗಾ ಮಾಂಸ ಬೇಡ ಎಂದು ಬಸುರಿಗೆ ಹೇಳಬೇಕೇ?

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರದ ತುದಿಯಲ್ಲಿ ನುನಾವಿಕ್ ಎಂಬ ಸೀಮೆಯಿದೆ. ಹಡ್ಸನ್ ಕೊಲ್ಲಿ, ಹಡ್ಸನ್ ಜಲಸಂಧಿ, ಉಂಗಾವಾ ಕೊಲ್ಲಿಗಳ ದಂಡೆಗುಂಟ 14 ಊರುಗಳು. ದಕ್ಷಿಣದಿಂದ ಯಾವ ಊರಿಗೂ ರಸ್ತೆ ಇಲ್ಲ. ಹತ್ತರಲ್ಲಿ ಒಂಬತ್ತು ಮಂದಿ ಇನುಯಿಟ್ ಜನ. ಬೆಲುಗಾ ಎಂಬ ಬಿಳಿ ತಿಮಿಂಗಿಲ, ಸೀಲ್, ಆರ್ಕ್ಟಿಕ್ ಚಾರ್ ಮೀನು, ಕ್ಯಾರಿಬೂ ಜಿಂಕೆ ಅವರು ತಲೆಮಾರುಗಳಿಂದ ಉಂಡು ಬಂದ ಆಹಾರ. ದೂರದ ನಾಡುಗಳ ಹೊಗೆ ಮತ್ತು ಗಣಿಗಳಿಂದ ಗಾಳಿಯಲ್ಲಿ ತೇಲಿಬಂದ ಪಾದರಸ ಈಗ ಅದರಲ್ಲಿ ಸೇರಿಕೊಂಡಿದೆ. ಬಸುರಿಯರು ಮತ್ತು ಮಕ್ಕಳನ್ನು ಹೆರುವ ವಯಸ್ಸಿನ ಹೆಂಗಸರು ಬೆಲುಗಾ ಮಾಂಸವನ್ನು ಕಡಿಮೆ ಮಾಡಬೇಕೆಂದು ಅಲ್ಲಿನ ಪ್ರಾದೇಶಿಕ ಆರೋಗ್ಯ ಮಂಡಳಿ 2011ರಲ್ಲಿ ಸಲಹೆ ಕೊಟ್ಟಿತು. ಆ ಸಲಹೆ ಸರಿಯೇ ಎಂಬ ಪ್ರಶ್ನೆಗೆ ಇಲ್ಲಿ ಎರಡು ಉತ್ತರಗಳಿವೆ.

ಪರ: ಮಗುವಿನ ಮಿದುಳು ಒಪ್ಪಂದಗಳಿಗಾಗಿ ಕಾಯುವುದಿಲ್ಲ

ಪಾದರಸದ ಮಾತು ಬಂದಾಗ ಮೊದಲು ಮಿನಮಾಟವನ್ನು ನೆನೆಯಬೇಕು. ಜಪಾನಿನ ಆ ಕೊಲ್ಲಿಗೆ ಚಿಸ್ಸೊ ಕಂಪನಿಯ ಕಾರ್ಖಾನೆ ದಶಕಗಳ ಕಾಲ ಪಾದರಸ ಬೆರೆತ ಕೊಳೆನೀರನ್ನು ಹರಿಸಿತು. 1956ರಲ್ಲಿ ರೋಗ ಅಧಿಕೃತವಾಗಿ ದಾಖಲಾಯಿತು. ವೈದ್ಯರನ್ನು ಹೆಚ್ಚು ಕಂಗೆಡಿಸಿದ್ದು ಅಲ್ಲಿ ಹುಟ್ಟಿದ ಕೂಸುಗಳು. ತಾಯಂದಿರಲ್ಲಿ ಅನೇಕರಿಗೆ ಹೇಳಿಕೊಳ್ಳುವಂಥ ತೊಂದರೆಯೇ ಇರಲಿಲ್ಲ. ಮಕ್ಕಳಿಗೆ ಮಾತ್ರ ಕೈಕಾಲು ಸೆಟೆದಿದ್ದವು, ಮಾತು ಬರುತ್ತಿರಲಿಲ್ಲ, ನುಂಗುವುದೂ ಕಷ್ಟವಾಗಿತ್ತು. ವಿಷ ಮಗುವಿಗೆ ತಲುಪದಂತೆ ಗರ್ಭದ ಮಾಸು (ಪ್ಲಾಸೆಂಟಾ) ತಡೆಯುತ್ತದೆ ಎಂಬುದು ಅಂದಿನ ವೈದ್ಯರ ನಂಬಿಕೆ. ಆ ಮಕ್ಕಳು ಅದನ್ನು ಸುಳ್ಳಾಗಿಸಿದರು. ನೀರಿನ ಜೀವಿಗಳ ಮೈಯಲ್ಲಿ ಸೇರುವ ಪಾದರಸದ ರೂಪವಾದ ಮೀಥೈಲ್ ಪಾದರಸ ಮಾಸನ್ನು ಸಲೀಸಾಗಿ ದಾಟುತ್ತದೆ. ತಾಯಿಯ ರಕ್ತದಲ್ಲಿ ಇರುವುದಕ್ಕಿಂತ ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದರ ಪ್ರಮಾಣ ಹೆಚ್ಚು.

ಧ್ರುವ ಪ್ರದೇಶದಲ್ಲಿ ಮಿನಮಾಟದಷ್ಟು ವಿಷವಿಲ್ಲ ಎಂದು ಹೇಳುವವರಿದ್ದಾರೆ. ಒಪ್ಪುತ್ತೇನೆ. ಆದರೆ ಕಣ್ಣಿಗೆ ಕಾಣುವ ಅಂಗವೈಕಲ್ಯ ಬರುವಷ್ಟು ವಿಷ ಇದ್ದರೆ ಮಾತ್ರ ಬಾಯಿ ತೆರೆಯಬೇಕೇ? ಅದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲೂ ಹಾನಿಯಿದೆ ಎಂಬುದನ್ನು ಫಾರೋ ದ್ವೀಪಗಳ ಅಧ್ಯಯನ ತೋರಿಸಿತು. ಉತ್ತರ ಅಟ್ಲಾಂಟಿಕ್ಕಿನ ಆ ದ್ವೀಪಗಳ ಜನ ಶತಮಾನಗಳಿಂದ ಪೈಲಟ್ ತಿಮಿಂಗಿಲವನ್ನು ಬೇಟೆಯಾಡಿ ಹಂಚಿಕೊಂಡು ತಿನ್ನುವವರು. ಅಲ್ಲಿ 1986–87ರಲ್ಲಿ ಹುಟ್ಟಿದ 1,022 ಮಕ್ಕಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಪಾದರಸ ಎಷ್ಟಿದೆ ಎಂದು ಅಳೆದು, ಆ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿ ಪರೀಕ್ಷಿಸಿದರು. ಏಳನೆಯ ವಯಸ್ಸಿನ ಪರೀಕ್ಷೆಗಳ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಪಾದರಸ ಹೆಚ್ಚಿದ್ದ ಮಕ್ಕಳು ಭಾಷೆ, ನೆನಪು, ಗಮನ ಈ ಮೂರರಲ್ಲೂ ಹಿಂದೆ ಬಿದ್ದಿದ್ದರು. ನೋಡಿದರೆ ಆರೋಗ್ಯವಂತ ಮಕ್ಕಳೇ. ಶಾಲೆಯಲ್ಲಿ ಮೇಷ್ಟ್ರು ಸೋಮಾರಿ ಎನ್ನಬಹುದಾದ, ಮನೆಯಲ್ಲಿ ಮರೆಗುಳಿ ಎನ್ನಬಹುದಾದ ಮಕ್ಕಳು. ಇಂಥ ನಷ್ಟ ಕಣ್ಣಿಗೆ ಬೀಳುವುದಿಲ್ಲ ಎಂಬ ಕಾರಣಕ್ಕೇ ಅದರ ಬಗ್ಗೆ ಹೆಚ್ಚು ಎಚ್ಚರ ಬೇಕು.

ಈ ಅಧ್ಯಯನವನ್ನು ಮುನ್ನಡೆಸಿದವರಲ್ಲಿ ಒಬ್ಬರಾದ ಪಾಲ್ ವೈಹೆ ಫಾರೋ ದ್ವೀಪದವರೇ. ತಿಮಿಂಗಿಲ ಅವರ ಸ್ವಂತ ಜನರ ಊಟ, ಸ್ವಂತ ಜನರ ಹಬ್ಬ. ಅಂಥವರು 2008ರಲ್ಲಿ ದ್ವೀಪಗಳ ಮುಖ್ಯ ವೈದ್ಯಾಧಿಕಾರಿ ಹೊಗ್ನಿ ಡೆಬೆಸ್ ಯೋನ್ಸೆನ್ ಜೊತೆ ನಿಂತು, ಪೈಲಟ್ ತಿಮಿಂಗಿಲ ಇನ್ನು ಮನುಷ್ಯರ ಆಹಾರಕ್ಕೆ ತಕ್ಕದ್ದಲ್ಲ ಎಂದು ಹೇಳಿದರು. ಎಷ್ಟು ಕಷ್ಟದ ಮಾತು ಅದು! ಹೊರಗಿನವರ ಸೊಕ್ಕು ಎಂದು ಅದನ್ನು ತಳ್ಳಿಹಾಕಲಾಗದು. ಅದಕ್ಕೂ ಮೊದಲೇ ಹೆಂಗಸರಿಗೆ ಕೊಟ್ಟ ಸಲಹೆಗಳು ಕೆಲಸ ಮಾಡಿದ್ದವು. ಬಸುರಿಯರು ತಿಮಿಂಗಿಲದ ಮಾಂಸ ಕಡಿಮೆ ಮಾಡಿದರು, ಆಮೇಲೆ ಹುಟ್ಟಿದ ಮಕ್ಕಳ ರಕ್ತದಲ್ಲಿ ಪಾದರಸ ಇಳಿಯಿತು. ಅಲ್ಲಿನ ಬೇಟೆಯಾಗಲಿ ಊರಿನ ಒಗ್ಗಟ್ಟಾಗಲಿ ಅದರಿಂದ ಅಳಿಯಲಿಲ್ಲ.

ನುನಾವಿಕ್‌ನ ಮಕ್ಕಳದ್ದೂ ಇದೇ ಕಥೆ. 1990ರ ದಶಕದಿಂದ ಅಲ್ಲಿ ಹೊಕ್ಕುಳಬಳ್ಳಿಯ ರಕ್ತ ತೆಗೆದು, ಮಕ್ಕಳು ಹನ್ನೊಂದರ ವಯಸ್ಸಿಗೆ ಬಂದಾಗ ಪರೀಕ್ಷಿಸಿದರು. ಗರ್ಭದಲ್ಲಿ ಹೆಚ್ಚು ಪಾದರಸ ಕಂಡ ಮಕ್ಕಳ ಬುದ್ಧಿಮತ್ತೆಯ ಅಂಕ ಕಡಿಮೆಯಿತ್ತು. ಒಂದು ಕಡೆ ಗಮನವಿಟ್ಟು ಕೂರಲಾಗದ ಲಕ್ಷಣಗಳನ್ನು ಅಂಥ ಮಕ್ಕಳಲ್ಲಿ ಶಿಕ್ಷಕರು ಹೆಚ್ಚಾಗಿ ಗುರುತಿಸಿದರು. ಇನ್ನೊಂದು ಸಂಗತಿಯೂ ಅಲ್ಲಿ ಹೊರಬಿತ್ತು. ಸಮುದ್ರದ ಆಹಾರದಲ್ಲಿರುವ ಒಮೇಗಾ-3 ಕೊಬ್ಬು ಮಿದುಳಿಗೆ ಒಳ್ಳೆಯದನ್ನು ಮಾಡುತ್ತದೆ; ಲೆಕ್ಕದಲ್ಲಿ ಆ ಒಳಿತನ್ನು ಬೇರ್ಪಡಿಸಿ ನೋಡಿದಾಗ ಪಾದರಸದ ಕೆಡುಕು ಇನ್ನೂ ಸ್ಪಷ್ಟವಾಗಿ ಕಂಡಿತು. ಒಳ್ಳೆಯದೂ ಕೆಟ್ಟದ್ದೂ ಒಂದೇ ತುತ್ತಿನಲ್ಲಿವೆ. ಹಾಗಿದ್ದ ಮೇಲೆ ಕೊಬ್ಬು ಹೆಚ್ಚಿರುವ, ಪಾದರಸ ಕಡಿಮೆಯಿರುವ ತುತ್ತನ್ನು ಆರಿಸಿಕೊಳ್ಳಿ ಎಂದು ತಾಯಿಗೆ ಹೇಳುವುದರಲ್ಲಿ ತಪ್ಪೇನಿದೆ?

ನುನಾವಿಕ್‌ನ ಸಲಹೆ ಹೇಳಿದ್ದೂ ಅಷ್ಟನ್ನೇ. ಅದರ ವಿರೋಧಿಗಳು ಇಡೀ ಸಂಸ್ಕೃತಿಯನ್ನೇ ನಿಷೇಧಿಸಿದಂತೆ ಮಾತನಾಡುತ್ತಾರೆ. ಸಲಹೆ ಇದ್ದದ್ದು ಒಂದು ಪ್ರಾಣಿಯ ಒಂದು ಭಾಗದ ಬಗ್ಗೆ, ಬದುಕಿನ ಒಂದು ಅವಧಿಯ ಬಗ್ಗೆ. ಬೆಲುಗಾದ ಚರ್ಮ ಮತ್ತು ಅದರಡಿಯ ಕೊಬ್ಬು ಸೇರಿದ ಮತ್ತಾಕ್‌ನಲ್ಲಿ ಪಾದರಸ ಮಾಂಸಕ್ಕಿಂತ ಬಹಳ ಕಡಿಮೆ, ದೇಹಕ್ಕೆ ಬೇಕಾದ ಸೆಲೆನಿಯಂ ಎಂಬ ಖನಿಜಾಂಶ ಹೇರಳ. ಅದನ್ನು ಯಾರೂ ಬೇಡವೆನ್ನಲಿಲ್ಲ. ಚಾರ್ ಮೀನನ್ನು ಇನ್ನಷ್ಟು ತಿನ್ನಿ ಎಂದೇ ಹೇಳಿದರು. ಹಡ್ಸನ್ ಕೊಲ್ಲಿಯ ಕೆಲವು ಊರುಗಳಲ್ಲಿ ಬಸುರಿಯರಿಗೆ ಚಾರ್ ಹಂಚುವ ಯೋಜನೆಯೂ ನಡೆಯಿತು. ಕಡಿಮೆ ಮಾಡಬೇಕಾದದ್ದು ಮಾಂಸ, ಅದರಲ್ಲೂ ನಿಕ್ಕು ಎಂಬ ಒಣಮಾಂಸ. ಒಣಗಿಸಿದಾಗ ನೀರು ಹೋಗಿ ಪಾದರಸ ಉಳಿಯುವುದರಿಂದ ಗ್ರಾಂ ಲೆಕ್ಕದಲ್ಲಿ ಅದರ ಸಾಂದ್ರತೆ ಇನ್ನೂ ಏರುತ್ತದೆ.

ದೇಹವೂ ಇಲ್ಲಿ ನಮಗೆ ಅನುಕೂಲವಾಗಿದೆ. ಮೀಥೈಲ್ ಪಾದರಸ ಸೀಸದಂತೆ ದಶಕಗಳ ಕಾಲ ಮೂಳೆಯಲ್ಲಿ ಕೂರುವುದಿಲ್ಲ. ತಿನ್ನುವುದನ್ನು ನಿಲ್ಲಿಸಿದರೆ ರಕ್ತದಲ್ಲಿರುವ ಪ್ರಮಾಣ ಸುಮಾರು ಐವತ್ತರಿಂದ ಎಪ್ಪತ್ತು ದಿನಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಬಸುರಾಗುವ ಮುಂಚಿನ ಕೆಲವು ತಿಂಗಳು, ಬಸಿರಿನ ಒಂಬತ್ತು ತಿಂಗಳು ಎಚ್ಚರ ವಹಿಸಿದರೆ ಸಾಕು. ಇಷ್ಟು ಸಣ್ಣ ಬದಲಾವಣೆಯಿಂದ ಇಷ್ಟು ದೊಡ್ಡ ರಕ್ಷಣೆ ಸಿಗುವ ವಿಷಗಳು ಹೆಚ್ಚಿಲ್ಲ. ಬಸುರಿಯರಿಗೆ ಕೆನಡಾ ಬಳಸುವ ಮಾರ್ಗಸೂಚಿ ಮಿತಿ ಲೀಟರ್ ರಕ್ತಕ್ಕೆ 8 ಮೈಕ್ರೊಗ್ರಾಂ. ನುನಾವಿಕ್‌ನ ಬಸುರಿಯರ ಸರಾಸರಿ 1990ರ ದಶಕಕ್ಕಿಂತ ಈಗ ಇಳಿದಿದೆ, ಆದರೂ ಕೆನಡಾದ ಉಳಿದ ಹೆಂಗಸರಿಗಿಂತ ಅದು ಹಲವು ಪಟ್ಟು ಹೆಚ್ಚು.

ಮೊದಲು ಹೊಗೆ ನಿಲ್ಲಿಸಿ ಎಂದು ವಿರೋಧಿಗಳು ಹೇಳುತ್ತಾರೆ. ನಿಲ್ಲಲಿ, ಇಂದೇ ನಿಲ್ಲಲಿ. ಆದರೆ ಒಂದೂವರೆ ಶತಮಾನದಲ್ಲಿ ಸಮುದ್ರಕ್ಕೆ ಸೇರಿದ ಪಾದರಸ ನಾಳೆ ಮಾಯವಾಗುವುದಿಲ್ಲ. ಜಗತ್ತಿನ ಕೊನೆಯ ಚಿಮಣಿ ಮುಚ್ಚಿದ ಮೇಲೂ ಬೆಲುಗಾದ ಮಾಂಸದಲ್ಲಿ ದಶಕಗಳ ಕಾಲ ವಿಷ ಇರುತ್ತದೆ. ಈ ವರ್ಷ ಬಸುರಾದವಳಿಗೆ ಅಂತರರಾಷ್ಟ್ರೀಯ ನ್ಯಾಯ ಸಿಗುವವರೆಗೆ ಸುಮ್ಮನಿರು ಎಂದು ಹೇಳುವುದಾದರೂ ಹೇಗೆ? ಅವಳ ದೇಹದಿಂದಲೇ ತೆಗೆದ ರಕ್ತದ ಫಲಿತಾಂಶವನ್ನು, ನೀನು ಹೆದರಿಬಿಡುತ್ತೀಯ ಎಂಬ ನೆಪದಲ್ಲಿ ಅವಳಿಂದಲೇ ಮುಚ್ಚಿಡುವುದಕ್ಕಿಂತ ದೊಡ್ಡ ಅವಮಾನ ನನಗೆ ಕಾಣುವುದಿಲ್ಲ.

ಹೇಳುವ ಬಗೆ ಮುಖ್ಯ ಎಂಬುದನ್ನು ಒಪ್ಪುತ್ತೇನೆ. ಅದಕ್ಕೆ ದಾರಿ ಅಲ್ಲೇ ಇದೆ. ಪುವಿರ್ನಿತುಕ್ ಎಂಬ ಊರಿನಲ್ಲಿ 1986ರಿಂದ ಇನುಯಿಟ್ ಸೂಲಗಿತ್ತಿಯರೇ ನಡೆಸುವ ಹೆರಿಗೆ ಕೇಂದ್ರವಿದೆ. ಅಲ್ಲಿಯವರೆಗೆ ಹೆರಿಗೆಗೆಂದು ಹೆಂಗಸರನ್ನು ವಿಮಾನದಲ್ಲಿ ದಕ್ಷಿಣದ ಆಸ್ಪತ್ರೆಗಳಿಗೆ ಸಾಗಿಸುತ್ತಿದ್ದರು. ಆ ಪದ್ಧತಿಯನ್ನು ಎದುರಿಸಿ ಹೆರಿಗೆಯನ್ನು ಊರಿಗೆ ಮರಳಿ ತಂದವರು ಈ ಹೆಂಗಸರು. ಬೆಲುಗಾ ಮಾಂಸದ ಮಾತನ್ನು ಬಸುರಿಯ ಪಕ್ಕದಲ್ಲಿ ಕುಳಿತು ಅವಳ ಭಾಷೆಯಲ್ಲಿ, ಪ್ರತಿಯಾಗಿ ಏನು ತಿನ್ನಬಹುದು ಎಂಬುದರ ಜೊತೆಗೇ ಅವರು ಹೇಳಲಿ.

ವಿರೋಧ: ಹೊಗೆ ಬಿಟ್ಟವರು ಒಬ್ಬರು, ಹಸಿದಿರಬೇಕಾದವರು ಇನ್ನೊಬ್ಬರು

ಪಾದರಸ ಮಗುವಿನ ಮಿದುಳಿಗೆ ಕೆಡುಕು ಮಾಡುತ್ತದೆ ಎಂಬ ವಿಜ್ಞಾನದ ಮೇಲೆ ನನಗೆ ತಕರಾರಿಲ್ಲ. ತಾಯಿಗೆ ಅವಳ ರಕ್ತದ ಫಲಿತಾಂಶ ತಿಳಿಯಲೇಬೇಕು, ಅದು ಅವಳ ಸ್ವತ್ತು. ನನ್ನ ತಕರಾರು ಇರುವುದು ಇಡೀ ಸಮುದಾಯಕ್ಕೆ ಹೊರಡಿಸುವ 'ಕಡಿಮೆ ತಿನ್ನಿ' ಎಂಬ ಸಲಹೆಯ ಮೇಲೆ. ಅದು ಎಂಥ ನೆಲದ ಮೇಲೆ ಬೀಳುತ್ತದೆ, ಯಾರ ಹೊಣೆಯನ್ನು ಯಾರ ಹೆಗಲಿಗೆ ದಾಟಿಸುತ್ತದೆ ಎಂಬುದನ್ನು ನೋಡಬೇಕು.

ದಕ್ಷಿಣದ ಕಚೇರಿಗಳಿಂದ ಈ ಜನರಿಗೆ ಹಿಂದೆ ಏನೇನು ಬಂದಿತ್ತು ಎಂದು ನೋಡೋಣ. 1953ರಲ್ಲಿ ನುನಾವಿಕ್‌ನದೇ ಆದ ಇನುಕ್ಜುವಾಕ್ ಊರಿನ ಕುಟುಂಬಗಳನ್ನು ಕೆನಡಾ ಸರ್ಕಾರ ಹಡಗಿಗೆ ಹತ್ತಿಸಿ ಉತ್ತರದ ರೆಸೊಲ್ಯೂಟ್, ಗ್ರೈಸ್ ಫಿಯೋರ್ಡ್‌ಗಳಲ್ಲಿ ಇಳಿಸಿತು. ಬೇಟೆ ಚೆನ್ನಾಗಿ ಸಿಗುತ್ತದೆ, ಬೇಡವಾದರೆ ಎರಡು ವರ್ಷದಲ್ಲಿ ಮರಳಬಹುದು ಎಂದು ಮಾತು ಕೊಟ್ಟಿತ್ತು. ಆ ಮಾತು ಉಳಿಯಲಿಲ್ಲ. ಕ್ಷಮೆ ಕೇಳಿದ್ದು 2010ರಲ್ಲಿ. 1950–60ರ ದಶಕಗಳಲ್ಲಿ ಅವರ ಸ್ಲೆಡ್ ನಾಯಿಗಳನ್ನು ಪೊಲೀಸರು ಮತ್ತು ಅಧಿಕಾರಿಗಳು ಕೊಂದರು. ನಾಯಿಗಳಿಲ್ಲದೆ ಬೇಟೆಯಿಲ್ಲ, ಬೇಟೆಯಿಲ್ಲದೆ ಊಟವಿಲ್ಲ. ಅದಕ್ಕೆ ಕ್ವಿಬೆಕ್ ಸರ್ಕಾರ 2011ರಲ್ಲಿ, ಕೆನಡಾ ಸರ್ಕಾರ 2024ರಲ್ಲಿ ತಪ್ಪೊಪ್ಪಿಕೊಂಡವು. ಗಮನಿಸಿ: ನಾಯಿಗಳಿಗಾಗಿ ಪ್ರಾಂತ್ಯ ಕ್ಷಮೆ ಕೇಳಿದ ವರ್ಷವೇ ಬೆಲುಗಾ ಸಲಹೆಯೂ ಹೊರಬಿತ್ತು. ಸಲಹೆಯನ್ನು ರೂಪಿಸುವಾಗ ಇನುಯಿಟ್ ಪ್ರತಿನಿಧಿಗಳಿದ್ದರು ಎನ್ನುವುದು ನಿಜವಿರಬಹುದು. ಆದರೆ ಕೇಳಿಸಿಕೊಳ್ಳುವ ಅಜ್ಜಿಗೆ ಅದು ಹಿಂದಿನ ಆದೇಶಗಳ ಸಾಲಿನಲ್ಲೇ ಬಂದ ಇನ್ನೊಂದು ಆದೇಶ.

ಇನ್ನು ಹೊಟ್ಟೆಯ ಮಾತು. ನೆರೆಯ ನುನಾವುತ್‌ನಲ್ಲಿ 2007–08ರ ಸಮೀಕ್ಷೆಯಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿರುವ ಇನುಯಿಟ್ ಮನೆಗಳ ಪೈಕಿ ಶೇಕಡಾ 70ರಷ್ಟಕ್ಕೆ ಊಟದ ಭದ್ರತೆ ಇರಲಿಲ್ಲ. ಶ್ರೀಮಂತ ಕೆನಡಾದಲ್ಲಿ! ಅಂಗಡಿಯ ಸಾಮಾನು ಬೇಸಿಗೆಯಲ್ಲಿ ಹಡಗಿನಲ್ಲಿ, ಉಳಿದ ಕಾಲದಲ್ಲಿ ವಿಮಾನದಲ್ಲಿ ಬರುತ್ತದೆ. ತಾಜಾ ತರಕಾರಿ, ಮಾಂಸದ ಬೆಲೆ ಮಾಂಟ್ರಿಯಲ್‌ಗಿಂತ ಎಷ್ಟೋ ಪಾಲು ಹೆಚ್ಚು. ಕೈಗೆಟಕುವುದು ಸಕ್ಕರೆ ಪಾನೀಯ, ಚಿಪ್ಸ್, ಪೊಟ್ಟಣದ ನೂಡಲ್ಸ್. ನುನಾವಿಕ್‌ನ ಬಸುರಿಯರಲ್ಲಿ ರಕ್ತಹೀನತೆ ವ್ಯಾಪಕವಾಗಿದೆ, ಬೆಲುಗಾ ಮತ್ತು ಸೀಲ್ ಮಾಂಸವೋ ಕಬ್ಬಿಣಾಂಶದ ಗಣಿ. ಪರ ವಾದಿಸಿದವರು ಕ್ಯಾರಿಬೂ ಬಗ್ಗೆ ಏನೂ ಹೇಳಲಿಲ್ಲ, ಹೇಳಲು ಆಗುವುದೂ ಇಲ್ಲ. ನುನಾವಿಕ್‌ನ ಪೂರ್ವಭಾಗದಲ್ಲಿ ಅಲೆಯುವ ಜಾರ್ಜ್ ನದಿ ಹಿಂಡಿನಲ್ಲಿ 1990ರ ದಶಕದಲ್ಲಿ ಏಳೆಂಟು ಲಕ್ಷ ಜಿಂಕೆಗಳಿದ್ದವು. 2018ರ ಎಣಿಕೆಯಲ್ಲಿ ಸುಮಾರು 5,500 ಉಳಿದಿದ್ದವು. ಬೆಲುಗಾ ಬೇಟೆಗೂ ಈಗಾಗಲೇ ಮಿತಿಯಿದೆ. ಪೂರ್ವ ಹಡ್ಸನ್ ಕೊಲ್ಲಿಯ ಬೆಲುಗಾಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹಡ್ಸನ್ಸ್ ಬೇ ಕಂಪನಿ ಎಣ್ಣೆಗಾಗಿ ಕೊಂದು ತೀರಾ ವಿರಳವಾಗಿಸಿತು. ಆ ಕೊರತೆಯ ದಂಡವನ್ನು ಇಂದಿಗೂ ಇನುಯಿಟ್ ಬೇಟೆಗಾರ ಕೋಟಾದ ರೂಪದಲ್ಲಿ ತೆರುತ್ತಿದ್ದಾನೆ.

ಸಲಹೆ 'ಒಂದು ಪ್ರಾಣಿಯ ಒಂದು ಭಾಗ'ಕ್ಕೆ ಮಾತ್ರ ಎನ್ನುವುದು ಕಾಗದದ ಮೇಲಿನ ಮಾತು. ಭಯ ಅಷ್ಟು ಅಚ್ಚುಕಟ್ಟಾಗಿ ಗೆರೆ ಎಳೆದುಕೊಳ್ಳುವುದಿಲ್ಲ. 2001ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಪಾದರಸ ಹೆಚ್ಚಿರುವ ಕೆಲವೇ ಜಾತಿಯ ಮೀನುಗಳ ಬಗ್ಗೆ ಬಸುರಿಯರನ್ನು ಎಚ್ಚರಿಸಿತು. ಆಮೇಲೆ ಬಾಸ್ಟನ್ ಸುತ್ತಲಿನ ಬಸುರಿಯರ ಊಟ ನೋಡಿದರೆ ಒಟ್ಟಾರೆ ಮೀನು ತಿನ್ನುವುದೇ ಕಡಿಮೆಯಾಗಿತ್ತು. ಓದು ಬರಹ, ಆಸ್ಪತ್ರೆ, ಬಗೆಬಗೆಯ ಆಹಾರ ಎಲ್ಲವೂ ಕೈಗೆಟಕುವ ಹೆಂಗಸರ ಕಥೆ ಅದು. ನುನಾವಿಕ್‌ಗೆ ಇದರ ಕಹಿ ಅದಕ್ಕೂ ಮೊದಲೇ ಗೊತ್ತು. 1980ರ ದಶಕದ ಕೊನೆಯಲ್ಲಿ ಅಲ್ಲಿನ ತಾಯಂದಿರ ಎದೆಹಾಲಿನಲ್ಲಿ ಪಿಸಿಬಿ ಎಂಬ ವಿಷಕಾರಿ ಕೈಗಾರಿಕಾ ರಾಸಾಯನಿಕ ಸಿಕ್ಕಿತೆಂಬ ಸುದ್ದಿ ಹರಡಿದಾಗ ಹೆಂಗಸರು ತಮ್ಮ ಎದೆಹಾಲಿಗೇ ಹೆದರಬೇಕಾಯಿತು. ಬಸುರಿಯರ ರಕ್ತದಲ್ಲಿ ಪಾದರಸ ಇಳಿದಿದೆ ಎಂದು ಮೇಲೆ ಹೇಳಿದ್ದಾರಲ್ಲ, ಅದರಲ್ಲಿ ಒಂದು ಪಾಲು ಜನ ಬೇಟೆಯ ಊಟವನ್ನೇ ಬಿಟ್ಟು ಅಂಗಡಿಯ ಊಟಕ್ಕೆ ಹೊರಳಿದ್ದರಿಂದ ಬಂದದ್ದು. ಅದನ್ನು ಆರೋಗ್ಯದ ಗೆಲುವು ಎಂದು ಎಣಿಸಲು ನಾನು ತಯಾರಿಲ್ಲ.

ಈ ಪಾದರಸ ಬಂದದ್ದು ಎಲ್ಲಿಂದ? ಇನುಯಿಟ್ ಜನ ಕಾರ್ಖಾನೆ ಕಟ್ಟಲಿಲ್ಲ. 2015ರಲ್ಲಿ ಮನುಷ್ಯರ ಚಟುವಟಿಕೆಯಿಂದ ಗಾಳಿಗೆ ಸೇರಿದ ಪಾದರಸ ಸುಮಾರು 2,220 ಟನ್ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕ ಹೇಳುತ್ತದೆ. ಅದರಲ್ಲಿ ಶೇಕಡಾ 38ರಷ್ಟು ಉಷ್ಣವಲಯದ ನದಿಗಳ ದಡದಲ್ಲಿ ಬಡವರು ಕೈಯಿಂದ ನಡೆಸುವ ಸಣ್ಣ ಚಿನ್ನದ ಗಣಿಗಾರಿಕೆಯದು, ಶೇಕಡಾ 21ರಷ್ಟು ವಿದ್ಯುತ್ ಸ್ಥಾವರ, ಕಾರ್ಖಾನೆ, ಮನೆಗಳಲ್ಲಿ ಉರಿಸುವ ಕಲ್ಲಿದ್ದಲಿನದು. ಹೆಚ್ಚುಕಡಿಮೆ ಅರ್ಧ ಏಷ್ಯಾದಿಂದ ಹೊರಟದ್ದು. ಆವಿಯಾದ ಪಾದರಸ ತಿಂಗಳುಗಟ್ಟಲೆ ಗಾಳಿಯಲ್ಲಿ ತೇಲುತ್ತ ಭೂಮಿಯನ್ನು ಸುತ್ತುತ್ತದೆ. ಧ್ರುವದಲ್ಲಿ ಚಳಿಗಾಲದ ಕತ್ತಲೆ ಮುಗಿದು ಸೂರ್ಯ ಮರಳಿದಾಗ, ಸಮುದ್ರದ ಮಂಜುಗಡ್ಡೆಯ ಉಪ್ಪಿನಿಂದ ಬಿಡುಗಡೆಯಾದ ಬ್ರೋಮಿನ್ ಆ ಪಾದರಸದೊಡನೆ ವರ್ತಿಸುತ್ತದೆ, ಗಾಳಿಯಲ್ಲಿದ್ದದ್ದು ಗಂಟೆಗಳಲ್ಲಿ ಹಿಮದ ಮೇಲೆ ಕುಸಿಯುತ್ತದೆ. ಉತ್ತರ ತುದಿಯ ಅಲರ್ಟ್ ಎಂಬ ವೀಕ್ಷಣಾಲಯದಲ್ಲಿ 1995ರ ವಸಂತದಲ್ಲಿ ಇದು ಮೊದಲು ಕಣ್ಣಿಗೆ ಬಿತ್ತು. ಟಂಡ್ರಾದ ಗಿಡಗಳೂ ಗಾಳಿಯ ಪಾದರಸವನ್ನು ಹೀರಿ ಮಣ್ಣಿಗಿಳಿಸುತ್ತವೆ. ಸಾವಿರಾರು ವರ್ಷಗಳಿಂದ ಹಾಗೆ ಶೇಖರವಾದದ್ದು ಹೆಪ್ಪುನೆಲದಲ್ಲಿದೆ, ಆ ನೆಲ ಈಗ ಕರಗುತ್ತಿದೆ. ನೀರಿನ ಸೂಕ್ಷ್ಮಜೀವಿಗಳು ಪಾದರಸವನ್ನು ಮೀಥೈಲ್ ರೂಪಕ್ಕೆ ತಿರುಗಿಸಿದ ಮೇಲೆ ಅದು ಪಾಚಿಯಿಂದ ಸೀಗಡಿಗೆ, ಮೀನಿಗೆ, ಬೆಲುಗಾಗೆ ಏರುತ್ತ ಪ್ರತಿ ಹಂತದಲ್ಲೂ ದಟ್ಟವಾಗುತ್ತದೆ. ಆರ್ಕ್ಟಿಕ್ ಪ್ರಾಣಿಗಳಲ್ಲಿ ಅದರ ಪ್ರಮಾಣ ಕೈಗಾರಿಕೆಗೆ ಮುಂಚಿನ ಕಾಲಕ್ಕಿಂತ ಸುಮಾರು ಹತ್ತು ಪಟ್ಟು ಏರಿದೆ.

ದಶಕಗಳ ಕಾಲ ಇದು ಹೋಗುವುದಿಲ್ಲ ಎಂದು ಪರ ವಾದಿಸಿದವರೇ ಒಪ್ಪಿದ್ದಾರೆ. ಹಾಗಾದರೆ 'ಬಸಿರಿನ ಕೆಲವು ತಿಂಗಳು' ಎಂಬ ಈ ಸಲಹೆ ಮಗಳಿಗೂ ಬೇಕು, ಮೊಮ್ಮಗಳಿಗೂ ಬೇಕು. ಹೆರುವ ವಯಸ್ಸು ಎಂದರೆ ಹದಿನೈದರಿಂದ ನಲವತ್ತೈದು. ಆ ಮೂವತ್ತು ವರ್ಷ ನಿಕ್ಕು ಒಣಗಿಸದ, ಮಕ್ಕಳಿಗೆ ತಿನ್ನಿಸಿ ರುಚಿ ಹಚ್ಚದ ಹೆಂಗಸು ಅದನ್ನು ಮುಂದಿನವರಿಗೆ ಕಲಿಸುವುದೆಂದು?

ಸಲಹೆ ಎಂಬುದು ಕೊನೆಗೆ ಏನಾಗುತ್ತದೆ ಎಂಬುದನ್ನು ಪೂರ್ವ ಕೆನಡಾದ ಲ್ಯಾಬ್ರಡಾರ್‌ನ ಮಸ್ಕ್ರಟ್ ಫಾಲ್ಸ್ ಅಣೆಕಟ್ಟು ನಿಚ್ಚಳವಾಗಿ ತೋರಿಸಿತು. ಕಾಡು ಮತ್ತು ಮಣ್ಣು ಮುಳುಗಿದಾಗ ಅಲ್ಲಿನ ಸೂಕ್ಷ್ಮಜೀವಿಗಳು ಮೀಥೈಲ್ ಪಾದರಸ ತಯಾರಿಸುತ್ತವೆ. ಅದು ಕೆಳಗಿನ ಮೆಲ್ವಿಲ್ ಸರೋವರಕ್ಕೆ, ಅಲ್ಲಿನ ಮೀನು ಮತ್ತು ಸೀಲ್‌ಗಳಿಗೆ, ಅವನ್ನು ತಿನ್ನುವ ನುನಾತ್ಸಿಯಾವುತ್‌ನ ಇನುಯಿಟ್ ಜನರಿಗೆ ತಲುಪುತ್ತದೆ ಎಂದು ಹಾರ್ವರ್ಡ್ ಸಂಶೋಧಕರು ಎಚ್ಚರಿಸಿದರು. ನೀರು ತುಂಬಿಸುವ ಮುಂಚೆ ಗಿಡಮರ, ಮೇಲ್ಮಣ್ಣು ತೆಗೆಯಿರಿ ಎಂದು ಜನ ಕೇಳಿದರು. ಪಾದರಸ ಏರಿದರೆ ಆಗ ಮೀನು ಕಡಿಮೆ ತಿನ್ನಲು ಸಲಹೆ ಕೊಡುತ್ತೇವೆ ಎಂಬುದು ಯೋಜನೆಯವರ ತಯಾರಿಯಾಗಿತ್ತು. 2016ರ ಅಕ್ಟೋಬರಿನಲ್ಲಿ ಬಿಲ್ಲಿ ಗೋಟಿಯೆ ಎಂಬ ಇನುಯಿಟ್ ಶಿಲ್ಪಿ ಮತ್ತು ಇನ್ನಿಬ್ಬರು ಉಪವಾಸ ಕುಳಿತರು. ಮಣ್ಣು ತೆಗೆಯುವುದು ಒಳ್ಳೆಯದೆಂದು 2018ರಲ್ಲಿ ಸ್ವತಂತ್ರ ತಜ್ಞರ ಸಮಿತಿಯ ಬಹುಮತವೂ ಶಿಫಾರಸು ಮಾಡಿತು. 2019ರಲ್ಲಿ ಮಣ್ಣು ತೆಗೆಯದೆಯೇ ಜಲಾಶಯ ತುಂಬಿಸಿದರು. ತಿನ್ನಬೇಡಿ ಎಂಬ ಸಲಹೆ ಕೈಯಲ್ಲಿ ಸಿದ್ಧವಿದ್ದಾಗ ವಿಷವನ್ನು ತಡೆಯುವ ಖರ್ಚು ಯಾರಿಗೆ ಬೇಕು? ನನಗೆ ಸಿಟ್ಟು ಬರುವುದು ಇಲ್ಲಿಯೇ.

ಬೇರೆ ದಾರಿಯಿದೆ, ಇನುಯಿಟ್ ಜನರೇ ಅದನ್ನು ತೋರಿಸಿದ್ದಾರೆ. ನುನಾವಿಕ್‌ನ ಕೂಜುವಾಕ್‌ನಲ್ಲಿ ಹುಟ್ಟಿದ ಶೀಲಾ ವಾಟ್-ಕ್ಲೂಟಿಯೆ, ಎದೆಹಾಲಿನಲ್ಲಿ ಸಿಕ್ಕ ರಾಸಾಯನಿಕಗಳ ಪ್ರಶ್ನೆಯನ್ನು ತಾಯಂದಿರ ಅಡುಗೆಮನೆಯಿಂದ ಎತ್ತಿ ವಿಶ್ವಸಂಸ್ಥೆಯ ಮಾತುಕತೆಯ ಮೇಜಿನ ಮೇಲಿಟ್ಟರು. ಪಿಸಿಬಿಯಂಥ ಬೇಗ ಅಳಿಯದ ರಾಸಾಯನಿಕಗಳನ್ನು ತಡೆಯುವ 2001ರ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಆ ದನಿ ಬಲ ಕೊಟ್ಟಿತು. ಪಾದರಸದ ಮಿನಮಾಟ ಒಪ್ಪಂದ 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದಾಗ ಆರ್ಕ್ಟಿಕ್ ಮತ್ತು ಅಲ್ಲಿನ ಮೂಲನಿವಾಸಿಗಳ ವಿಶೇಷ ಅಪಾಯವನ್ನು ಅದರ ಪೀಠಿಕೆಯಲ್ಲೇ ಬರೆದರು. ಊರೊಳಗೂ ಮಾಡಬಹುದಾದದ್ದು ಬಹಳವಿದೆ. ನುನಾವಿಕ್‌ನಲ್ಲಿ 1980ರ ದಶಕದಿಂದ ಬೇಟೆಗಾರರಿಗೆ ಹಣಕಾಸಿನ ನೆರವು ಕೊಡುವ ಕಾರ್ಯಕ್ರಮವಿದೆ. ಅದನ್ನು ಹಿಗ್ಗಿಸಿ ಚಾರ್ ಮೀನು, ಮತ್ತಾಕ್, ಸೀಲ್ ಮಾಂಸ ಪ್ರತಿ ಬಸುರಿಯ ಮನೆಗೆ ತಲುಪುವಂತೆ ಮಾಡಲಿ. ಹೇರಳವಾಗಿ ಬೇರೆ ಊಟ ಬಂದರೆ ನಿಕ್ಕು ತಾನಾಗಿ ಹಿಂದೆ ಸರಿಯುತ್ತದೆ, ಯಾರೂ ಯಾರಿಗೂ ಬೇಡ ಎನ್ನಬೇಕಾಗಿಲ್ಲ.

ಉಳಿದದ್ದು ನಮ್ಮ ಪಾಲಿನದು. ಭಾರತ ಮಿನಮಾಟ ಒಪ್ಪಂದವನ್ನು 2018ರಲ್ಲಿ ಅನುಮೋದಿಸಿತು. ಅದಕ್ಕೂ ಮೊದಲೇ, 2015ರ ಡಿಸೆಂಬರಿನಲ್ಲಿ ಕಲ್ಲಿದ್ದಲು ಸ್ಥಾವರಗಳ ಹೊಗೆಗೆ ಘನ ಮೀಟರಿಗೆ 0.03 ಮಿಲಿಗ್ರಾಂ ಪಾದರಸದ ಮಿತಿ ಹಾಕಿತ್ತು. ಹೊಗೆಯ ಗಂಧಕವನ್ನು ತೊಳೆಯುವ ಯಂತ್ರಗಳು ಪಾದರಸದ ಒಂದು ಭಾಗವನ್ನೂ ಹಿಡಿದುಕೊಳ್ಳುತ್ತವೆ. ಆ ಯಂತ್ರಗಳನ್ನು ಅಳವಡಿಸುವ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿ, 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ನಮ್ಮ ಮನೆಗಳ ದೀಪ ಉರಿಯುವುದು ರಾಯಚೂರು, ಬಳ್ಳಾರಿ, ಕೂಡಗಿಯ ಕಲ್ಲಿದ್ದಲಿನಿಂದಲೂ ಹೌದು. ಆ ಚಿಮಣಿಗಳಿಂದ ವರ್ಷಕ್ಕೆ ಎಷ್ಟು ಪಾದರಸ ಗಾಳಿಗೆ ಹೋಗುತ್ತಿದೆ, ಎಷ್ಟು ಹಾರುಬೂದಿಯಲ್ಲಿ ಉಳಿಯುತ್ತಿದೆ ಎಂಬ ಲೆಕ್ಕವನ್ನು ಸ್ಥಾವರವಾರು, ತಿಂಗಳವಾರು, ಕನ್ನಡದಲ್ಲಿ ಪ್ರಕಟಿಸಿ ಎಂದು ನಾವು ಕೇಳಬೇಕು. ಮಿತಿ ಮೀರಿದ ಘಟಕಗಳನ್ನು ನಿಲ್ಲಿಸಿ ಎಂದೂ ಕೇಳಬೇಕು.